ಗಲ್ಲಾ ಒಬ್ಬರ ಕೈಯಲ್ಲಿ, ಲೆಕ್ಕ ಇನ್ನೊಬ್ಬರ ಕೈಯಲ್ಲಿ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಬೈಪಾಸ್ ಹಿಡಿದ ಕಾರುಗಳು ಊರೊಳಗೆ ಬರುವುದನ್ನು ಬಿಟ್ಟ ಮೇಲೆ ಚನ್ನಪಟ್ಟಣದ ಹಳೇ ಹೆದ್ದಾರಿಯ ಬೊಂಬೆ ಅಂಗಡಿಯವರ ದಿನಚರಿಯೇ ಬದಲಾಗಿದೆ. ಮೊದಲು ಗಿರಾಕಿ ತಾನಾಗಿ ಬರುತ್ತಿದ್ದ, ಯಜಮಾನ ಗಲ್ಲಾ ಬಿಟ್ಟು ಏಳುತ್ತಿರಲಿಲ್ಲ. ಈಗ ಗಿರಾಕಿ ಇರುವ ಕಡೆಗೆ ಯಜಮಾನನೇ ಓಡಬೇಕು: ಬೆಂಗಳೂರಿನ ಮೇಳಕ್ಕೆ, ಸಗಟು ಖರೀದಿದಾರರ ಕಚೇರಿಗೆ, ಆನ್‌ಲೈನ್ ಆರ್ಡರ್‌ಗಳ ಹಿಂದೆ. ಅಂಗಡಿಯಲ್ಲಿ ಉಳಿಯುವವರು ಸಂಬಳದವರು.

‘ಅವನು ನಮ್ಮ ಹುಡುಗ, ಹತ್ತು ವರ್ಷದಿಂದ ಇದ್ದಾನೆ, ಮನೆಮಗನ ಹಾಗೆ’ ಎಂಬ ಮಾತು ಇಲ್ಲಿನ ಯಾವ ಅಂಗಡಿ, ನೂಲು ಬಿಚ್ಚುವ ಘಟಕ, ಹಾಲಿನ ಡೇರಿಗೆ ಹೋದರೂ ಕೇಳಿಸುತ್ತದೆ. ಬಹುಪಾಲು ಸಲ ಆ ಮಾತು ನಿಜವೂ ಹೌದು. ಆದರೆ ನಂಬಿಕೆ ಗಳಿಸದವನ ಕೈಗೆ ಗಲ್ಲಾದ ಬೀಗದ ಕೈಯನ್ನು ಯಾರೂ ಕೊಡುವುದಿಲ್ಲ. ಹಾಗಾಗಿ ವಂಚನೆ ನಡೆದರೆ ಅದು ನಂಬಿಕಸ್ಥನ ಕೈಯಿಂದಲೇ ನಡೆಯಬೇಕು, ಬೇರೆ ದಾರಿ ಇಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ಡೊನಾಲ್ಡ್ ಕ್ರೆಸ್ಸಿ ಹಣ ದುರುಪಯೋಗ ಮಾಡಿ ಜೈಲು ಸೇರಿದವರನ್ನು ಮಾತಾಡಿಸಿ 1953ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರಿಗೆ ಕಂಡದ್ದು ಮೂರು ಸಂಗತಿ: ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಹಣದ ಅಡಚಣೆ, ಸಿಕ್ಕಿಬೀಳದೆ ತೆಗೆಯಬಹುದಾದ ಅವಕಾಶ, ‘ಸಾಲ ತಗೊಂಡಿದ್ದೀನಿ, ಮುಂದಿನ ತಿಂಗಳು ಇಟ್ಟುಬಿಡ್ತೀನಿ’ ಎಂದು ತನಗೆ ತಾನೇ ಹೇಳಿಕೊಳ್ಳುವ ಸಮಾಧಾನ. ಕೆಲಸಗಾರನ ಮನೆಯ ಕಷ್ಟ ಯಜಮಾನನಿಗೆ ಪೂರ್ತಿ ತಿಳಿಯುವುದಿಲ್ಲ, ಅವನ ಮನಸ್ಸಿನೊಳಗೆ ಇಣುಕಲೂ ಆಗದು. ಯಜಮಾನನ ಹಿಡಿತದಲ್ಲಿರುವುದು ಅವಕಾಶ ಒಂದೇ. ಲೆಕ್ಕಪರಿಶೋಧಕರು ಆಂತರಿಕ ನಿಯಂತ್ರಣ ಎಂದು ಕರೆಯುವ ಇಡೀ ಶಾಸ್ತ್ರ ಆ ಒಂದನ್ನು ಕಿರಿದು ಮಾಡುವ ಕೆಲಸ. ಅದಕ್ಕೆ ದೊಡ್ಡ ಕಂಪನಿ ಬೇಕಿಲ್ಲ, ನಾಲ್ಕು ಜನರ ಅಂಗಡಿಯಲ್ಲೂ ಮಾಡಬಹುದು.

ಹಂತ 1: ದುಡ್ಡು ನಡೆಯುವ ದಾರಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ವ್ಯವಹಾರಕ್ಕೆ ದುಡ್ಡು ಎಲ್ಲೆಲ್ಲಿಂದ ಬರುತ್ತದೆ, ಎಲ್ಲೆಲ್ಲಿಗೆ ಹೋಗುತ್ತದೆ, ಪ್ರತಿ ತಿರುವಿನಲ್ಲಿ ಯಾರ ಕೈ ಇದೆ ಎಂದು ಹೆಸರು ಸಮೇತ ಬರೆಯಿರಿ. ಬೊಂಬೆ ಅಂಗಡಿಯಾದರೆ ನಗದು ಮಾರಾಟ, ಯುಪಿಐ, ಸಗಟು ಬಾಕಿ ವಸೂಲಿ ಒಂದು ಕಡೆ. ಆಲೆ ಮರ, ಅರಗು, ಬಣ್ಣ, ಪ್ಯಾಕಿಂಗ್, ಕೊರಿಯರ್, ಕೂಲಿ ಇನ್ನೊಂದು ಕಡೆ. ಹಾಳೆ ತುಂಬಿದ ಮೇಲೆ ಒಂದೇ ಹೆಸರು ಎಷ್ಟು ಕಡೆ ಬಂದಿದೆ ಎಂದು ಎಣಿಸಿ. ಆರ್ಡರ್ ಹಿಡಿಯುವವನು, ಮಾಲು ಕಳಿಸುವವನು, ದುಡ್ಡು ವಸೂಲು ಮಾಡುವವನು, ಪುಸ್ತಕ ಬರೆಯುವವನು ಒಬ್ಬನೇ ಆಗಿದ್ದರೆ ಕೆಲಸ ಶುರುಮಾಡಬೇಕಾದದ್ದು ಅಲ್ಲಿಂದ.

ಹಾಳೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಚಿಲ್ಲರೆ ಆದಾಯ: ಹಳೇ ರಟ್ಟು, ಮರದ ಚೂರು, ಒಡಕು ಮಾಲು, ನೂಲು ಬಿಚ್ಚುವ ಘಟಕದಲ್ಲಿ ಉಳಿಯುವ ಪ್ಯೂಪಾ, ರೇಷ್ಮೆ ತ್ಯಾಜ್ಯ. ಅವಕ್ಕೆ ಬಿಲ್ಲು ಇರುವುದಿಲ್ಲ, ಯಜಮಾನನ ಗಮನವೂ ಇರುವುದಿಲ್ಲ. ಅವನ್ನೂ ಬರೆಯಿರಿ.

ಹಂತ 2: ಕೈಗಳನ್ನು ಬೇರೆ ಮಾಡಿ

ಯಾವುದೇ ವ್ಯವಹಾರದಲ್ಲಿ ನಾಲ್ಕು ಕೆಲಸಗಳಿವೆ: ಒಪ್ಪಿಗೆ ಕೊಡುವುದು, ದುಡ್ಡು ಅಥವಾ ಮಾಲನ್ನು ಇಟ್ಟುಕೊಳ್ಳುವುದು, ಲೆಕ್ಕ ಬರೆಯುವುದು, ತಾಳೆ ನೋಡುವುದು. ಇವುಗಳಲ್ಲಿ ಎರಡು ಒಬ್ಬನ ಕೈಗೆ ಬಂದರೆ ತೆಗೆಯುವುದು ಸುಲಭ. ಮೂರು ಬಂದರೆ ತೆಗೆದದ್ದನ್ನು ಮುಚ್ಚುವುದೂ ಸುಲಭ.

ಇದು ಹೇಗಿರುತ್ತದೆ ಎಂದು ನೋಡಲು ಪಕ್ಕದ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಹೋಗಬಹುದು. ರೈತ ತಂದ ಗೂಡಿಗೆ ಲಾಟ್ ಸಂಖ್ಯೆ ಬೀಳುತ್ತದೆ. ನೂಲು ಬಿಚ್ಚುವ ರೀಲರುಗಳು ಮೊಬೈಲಿನಲ್ಲಿ ಹರಾಜು ಕೂಗುತ್ತಾರೆ. ತೂಕ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಆಗುತ್ತದೆ, ಹಣ ರೈತನ ಬ್ಯಾಂಕ್ ಖಾತೆಗೆ ಹೋಗುತ್ತದೆ. ಬೆಲೆ ಕಟ್ಟುವವನಿಗೆ ತಕ್ಕಡಿ ಮುಟ್ಟುವ ಕೆಲಸವಿಲ್ಲ, ತೂಗುವವನ ಕೈಗೆ ದುಡ್ಡು ಬರುವುದಿಲ್ಲ. ಮಾರುಕಟ್ಟೆಯ ಬಗ್ಗೆ ರೈತರಿಗೂ ರೀಲರುಗಳಿಗೂ ಬೇರೆ ಹತ್ತು ದೂರುಗಳಿರಬಹುದು, ಆದರೆ ಈ ಜೋಡಣೆ ಸರಿಯಾದದ್ದು.

ಹಾಲು ಉತ್ಪಾದಕರ ಸಹಕಾರ ಸಂಘದ್ದೂ ಇದೇ ತರ್ಕ. ಬೆಳಗ್ಗೆ ಸಂಜೆ ಪ್ರತಿ ಸದಸ್ಯನ ಹಾಲಿನ ಅಳತೆ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ದಾಖಲಾಗುತ್ತದೆ, ಸದಸ್ಯನ ಕೈಗೂ ಒಂದು ಚೀಟಿ ಬರುತ್ತದೆ. ಒಟ್ಟು ಹಾಲು ಒಕ್ಕೂಟ ಸೇರಿದಾಗ ಅಲ್ಲಿ ಮತ್ತೆ ಅಳೆದು ಪರೀಕ್ಷಿಸುತ್ತಾರೆ. ಸದಸ್ಯರಿಂದ ಬಂದದ್ದು ಒಂದು ಕಡೆ, ಒಕ್ಕೂಟಕ್ಕೆ ಹೋದದ್ದು ಮತ್ತು ಊರಲ್ಲೇ ಮಾರಿದ್ದು ಇನ್ನೊಂದು ಕಡೆ, ಎರಡೂ ಕೂಡಬೇಕು. ಎಡವಟ್ಟಾಗುವುದು ಕಾರ್ಯದರ್ಶಿಯೇ ಹಾಲು ಅಳೆದು, ತಾನೇ ಪರೀಕ್ಷಿಸಿ, ತಾನೇ ಬರೆದು, ಸ್ಥಳೀಯ ಮಾರಾಟದ ನಗದನ್ನೂ ತಾನೇ ಇಟ್ಟುಕೊಳ್ಳುವ ಸಂಘಗಳಲ್ಲಿ. ಅಧ್ಯಕ್ಷರು ಹೊಲಕ್ಕೆ ಹೋಗುವ ಮುನ್ನ ಹತ್ತು ಖಾಲಿ ಚೆಕ್ಕಿಗೆ ಸಹಿ ಹಾಕಿಟ್ಟು ಹೋದರೆ ಎರಡು ಸಹಿಯ ನಿಯಮ ಕಾಗದದ ಮೇಲೆ ಮಾತ್ರ ಇದ್ದಂತೆ.

‘ನಮ್ಮಲ್ಲಿ ಇರೋದೇ ಮೂರು ಜನ, ನಾಲ್ಕು ಕೆಲಸ ಹೇಗೆ ಹಂಚೋದು?’ ಎಂಬ ಪ್ರಶ್ನೆ ಬರುತ್ತದೆ. ಹೀಗೆ ಹಂಚಿ: ಗಲ್ಲಾ ಒಬ್ಬರಿಗೆ, ಪುಸ್ತಕ ಇನ್ನೊಬ್ಬರಿಗೆ, ಗೋದಾಮು ಮೂರನೆಯವರಿಗೆ. ಒಪ್ಪಿಗೆ ಮತ್ತು ತಾಳೆ ಯಜಮಾನನ ಬಳಿಯೇ ಇರಲಿ. ಒಬ್ಬನೇ ಕೆಲಸಗಾರ ಇದ್ದರೆ ತಾಳೆ ನೋಡುವ ಕೆಲಸವನ್ನು ಮನೆಯವರಲ್ಲೊಬ್ಬರು ವಹಿಸಿಕೊಳ್ಳಲಿ. ವಾರಕ್ಕೆ ಒಂದು ಗಂಟೆ ಸಾಕು.

ಕೆಲಸಗಾರರಿಗೆ ಇದನ್ನು ಬಾಯಿಬಿಟ್ಟು ಹೇಳಿ. ನಾಳೆ ಗಲ್ಲಾದಲ್ಲಿ 2,000 ರೂಪಾಯಿ ಕಡಿಮೆ ಬಂದರೆ ಎಲ್ಲರ ಮೇಲೂ ಅನುಮಾನ ಬೀಳುತ್ತದೆ. ಕೈಗಳು ಬೇರೆಯಾಗಿದ್ದರೆ ಪ್ರಾಮಾಣಿಕನಾದವನು ತನ್ನ ಲೆಕ್ಕ ತೋರಿಸಿ ನೆಟ್ಟಗೆ ನಿಲ್ಲಬಹುದು.

ಹಂತ 3: ಗಲ್ಲಾ ಮತ್ತು ಕ್ಯೂಆರ್ ಚೀಟಿ

ಮೊದಲು ಬಿಲ್ ಪುಸ್ತಕ. ಅಚ್ಚಾದ ಕ್ರಮಸಂಖ್ಯೆ ಇರಬೇಕು, ಬಳಸದ ಪುಸ್ತಕಗಳು ನಿಮ್ಮ ಬೀಗದಲ್ಲಿರಬೇಕು. ಹಾಳಾದ ಬಿಲ್ಲನ್ನು ಹರಿದು ಬಿಸಾಡಬಾರದು, ಎರಡೂ ಪ್ರತಿಗಳಿಗೆ ಅಡ್ಡಗೆರೆ ಎಳೆದು ಪುಸ್ತಕದಲ್ಲೇ ಬಿಡಬೇಕು. ವಾರಕ್ಕೊಮ್ಮೆ ಸಂಖ್ಯೆಗಳನ್ನು ಓದುತ್ತಾ ಹೋಗಿ. ನಡುವೆ ಒಂದು ಹಾರಿದ್ದರೆ ಕೇಳಿ. ‘ಇಲ್ಲಿ ಬಿಲ್ಲು ಪಡೆಯದೆ ಹಣ ಕೊಡಬೇಡಿ’ ಎಂಬ ಫಲಕವನ್ನು ಗಿರಾಕಿಗೆ ಕಾಣುವಂತೆ ಹಾಕಿದರೆ ಗಿರಾಕಿಯೇ ನಿಮ್ಮ ಪರವಾಗಿ ಕಾವಲು ಕಾಯುತ್ತಾನೆ.

ಎರಡನೆಯದು, ದಿನದ ನಗದು ಇಡಿಯಾಗಿ ಬ್ಯಾಂಕಿಗೆ ಹೋಗಲಿ. ಗಲ್ಲಾದಿಂದಲೇ ಟೀ, ಆಟೋ, ಹಮಾಲಿ, ಮುಂಗಡ ಎಂದು ತೆಗೆದು ಉಳಿದದ್ದನ್ನು ಕಟ್ಟುವ ಪದ್ಧತಿ ನಮ್ಮಲ್ಲಿ ಎಲ್ಲೆಲ್ಲೂ ಇದೆ. ಅದು ಇರುವವರೆಗೆ ಮಾರಾಟವನ್ನು ಬ್ಯಾಂಕಿನ ಜಮೆಯೊಂದಿಗೆ ತಾಳೆ ನೋಡಲು ಯಾರಿಂದಲೂ ಸಾಧ್ಯವಿಲ್ಲ. ಚಿಲ್ಲರೆ ಖರ್ಚಿಗೆ ಬೇರೆ ಡಬ್ಬ ಇಡಿ, ಅದಕ್ಕೆ ಒಂದೇ ಮೊತ್ತ ಕೊಡಿ, ಉದಾಹರಣೆಗೆ 3,000 ರೂಪಾಯಿ. ಯಾವ ಗಳಿಗೆಯಲ್ಲಿ ತೆರೆದರೂ ಡಬ್ಬದ ನೋಟು ಮತ್ತು ಖರ್ಚಿನ ಚೀಟಿ ಸೇರಿ 3,000 ಆಗಬೇಕು. ತಿಂಗಳಲ್ಲಿ ಒಂದೆರಡು ಸಲ ಹೇಳದೆ ಕೇಳದೆ ಮಧ್ಯಾಹ್ನದ ಹೊತ್ತು ಹೋಗಿ, ಗಲ್ಲಾದವನ ಎದುರೇ ಎಣಿಸಿ, ಇಬ್ಬರೂ ಸಹಿ ಹಾಕಿ. ಪ್ರತಿ ಶನಿವಾರ ಸಂಜೆ ಎಣಿಸುವ ಯಜಮಾನನಿಗೆ ಶನಿವಾರ ಸಂಜೆ ಲೆಕ್ಕ ಸರಿಯಾಗಿಯೇ ಇರುತ್ತದೆ.

ಮೂರನೆಯದು ಹೊಸ ಕಾಲದ್ದು. ಮೇಜಿನ ಮೇಲೆ ಅಂಟಿಸಿದ ಕ್ಯೂಆರ್ ಚೀಟಿಯ ಮೇಲೆ ಗಲ್ಲಾದವನು ತನ್ನ ಖಾತೆಯ ಚೀಟಿ ಅಂಟಿಸುವುದು, ಅಥವಾ ‘ಸರ್ವರ್ ಇಲ್ಲ ಸಾರ್, ಈ ನಂಬರಿಗೆ ಹಾಕಿ’ ಎಂದು ಸ್ವಂತ ನಂಬರು ಕೊಡುವುದು. ಪ್ರತಿದಿನ ಅಂಗಡಿ ತೆರೆದ ಕೂಡಲೇ ಆ ಚೀಟಿಗೆ ಒಂದು ರೂಪಾಯಿ ಕಳಿಸಿ, ತೆರೆಯ ಮೇಲೆ ಯಾರ ಹೆಸರು ಬರುತ್ತದೆ ನೋಡಿ. ಹಣ ಬಂದಾಗ ಕೂಗಿ ಹೇಳುವ ಸೌಂಡ್ ಬಾಕ್ಸ್ ಅಂಗಡಿಯಲ್ಲಿರಲಿ, ಬ್ಯಾಂಕಿನ ಸಂದೇಶ ನಿಮ್ಮ ಸ್ವಂತ ಫೋನಿಗೆ ಬರಲಿ. ಅಂಗಡಿಯ ಫೋನಿಗೆ ಬಂದರೆ ಅದು ಗಲ್ಲಾದವನಿಗೇ ಬಂದಂತಾಯಿತು.

ಹಂತ 4: ಬ್ಯಾಂಕಿನೊಂದಿಗೆ ನೇರ ಮಾತು

ಬ್ಯಾಂಕ್ ಸ್ಟೇಟ್‌ಮೆಂಟ್ ಅನ್ನು ಲೆಕ್ಕ ಬರೆಯುವವರು ಮುದ್ರಿಸಿಕೊಟ್ಟರೆ ಓದಬೇಡಿ, ನೀವೇ ತೆಗೆಯಿರಿ. ಪಿಡಿಎಫ್ ಕಡತದ ಅಂಕಿಯನ್ನು ತಿದ್ದುವುದು ಈಗ ಹೈಸ್ಕೂಲ್ ಹುಡುಗರಿಗೂ ಗೊತ್ತು. ನೆಟ್ ಬ್ಯಾಂಕಿಂಗ್‌ನಲ್ಲಿ ಪಾವತಿಯನ್ನು ಒಬ್ಬರು ಸಿದ್ಧಪಡಿಸಿ ಇನ್ನೊಬ್ಬರು ಅನುಮೋದಿಸುವ ಸೌಲಭ್ಯವನ್ನು ಬ್ಯಾಂಕುಗಳು ವ್ಯವಹಾರ ಖಾತೆಗಳಿಗೆ ಕೊಡುತ್ತವೆ, ಕೇಳಿ ಮಾಡಿಸಿಕೊಳ್ಳಿ. ಒಟಿಪಿ ಬರುವ ಫೋನನ್ನು ‘ನೀನೇ ನೋಡಿ ಹಾಕ್ಕೊಂಬಿಡು’ ಎಂದು ಕೊಟ್ಟರೆ ಆ ಸೌಲಭ್ಯ ಇದ್ದೂ ಇಲ್ಲದಂತೆ.

ನಿಮ್ಮ ಸಂಸ್ಥೆಯ ಹೆಸರಿನಲ್ಲಿ ಎಷ್ಟು ಖಾತೆಗಳಿವೆ ಎಂಬುದನ್ನು ವರ್ಷಕ್ಕೊಮ್ಮೆ ಶಾಖೆಯಿಂದಲೇ ಪತ್ರದ ಮೂಲಕ ತರಿಸಿಕೊಳ್ಳಿ. ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಖಾತೆಯಿಂದ ಕೋಟಿಗಟ್ಟಲೆ ಹಣ ಹೈದರಾಬಾದಿನ ಖಾತೆಗಳಿಗೆ ಹೋದ ಪ್ರಕರಣ 2024ರ ಮೇ ತಿಂಗಳಲ್ಲಿ ಹೊರಬಿತ್ತು, ನಿಗಮದ ಅಧಿಕಾರಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡ ನಂತರ. ಯಾರ ತಪ್ಪೆಷ್ಟು ಎಂಬುದನ್ನು ನ್ಯಾಯಾಲಯ ಹೇಳುತ್ತದೆ. ಸರ್ಕಾರಿ ನಿಗಮದ ಖಾತೆಯಿಂದಲೇ ಅಷ್ಟು ಹಣ ಹೋಗಬಹುದಾದರೆ, ತನ್ನ ಪಾಸ್‌ಬುಕ್ಕನ್ನು ಆರು ತಿಂಗಳಾದರೂ ತೆರೆಯದ ಅಂಗಡಿಯವನ ಗತಿ ಏನು ಎಂಬುದಷ್ಟೇ ನಮ್ಮ ಪ್ರಶ್ನೆ.

ಹಂತ 5: ಖರೀದಿ ಬಿಲ್ಲು

ಗಲ್ಲಾದಿಂದ ನೂರಿನ್ನೂರು ಹೋಗುತ್ತದೆ, ಖರೀದಿಯಲ್ಲಿ ಲಕ್ಷಗಳು ಹೋಗುತ್ತವೆ. ಇಲ್ಲದ ಅಂಗಡಿಯ ಬಿಲ್ಲು, ಬಾರದ ಮಾಲಿನ ಬಿಲ್ಲು, ಒಂದೇ ಬಿಲ್ಲಿಗೆ ಎರಡು ಸಲ ಪಾವತಿ, ಮಾರುವವನೊಂದಿಗೆ ಒಳ ಒಪ್ಪಂದ ಮಾಡಿಕೊಂಡು ಕಿಲೋಗೆ ಹತ್ತು ರೂಪಾಯಿ ಹೆಚ್ಚು ದರ. ಇದಕ್ಕೆ ಮದ್ದು ಮೂರು ಕಾಗದ: ನೀವು ಒಪ್ಪಿದ ಆರ್ಡರ್, ಗೋದಾಮಿನವನು ತೂಗಿ ಎಣಿಸಿ ಬರೆದ ಚೀಟಿ, ಮಾರಿದವನ ಬಿಲ್ಲು. ಮೂರೂ ಹೊಂದಿದರೆ ಮಾತ್ರ ಹಣ. ಕೊಟ್ಟ ಕೂಡಲೇ ಬಿಲ್ಲಿನ ಮೇಲೆ ‘ಪಾವತಿಯಾಗಿದೆ’ ಎಂದು ಮುದ್ರೆ ಒತ್ತಿ.

ಜಿಎಸ್‌ಟಿ ನೋಂದಣಿ ಇರುವವರಿಗೆ ಒಂದು ಉಚಿತ ಕಾವಲಿದೆ. ಮಾರಿದವರು ನಿಮ್ಮ ಹೆಸರಿಗೆ ಸಲ್ಲಿಸಿದ ಬಿಲ್ಲುಗಳ ಪಟ್ಟಿ ಜಿಎಸ್‌ಟಿಆರ್-2ಬಿ ಎಂಬ ಹೆಸರಿನಲ್ಲಿ ತಿಂಗಳ 14ರ ಹೊತ್ತಿಗೆ ಜಾಲತಾಣದಲ್ಲಿ ಸಿದ್ಧವಾಗುತ್ತದೆ. ಬಹಳ ಜನ ಅದನ್ನು ತೆರಿಗೆ ಸಲಹೆಗಾರರ ಕೆಲಸ ಎಂದು ಬಿಟ್ಟಿದ್ದಾರೆ. ನಿಮ್ಮ ಖರೀದಿ ಪುಸ್ತಕವನ್ನು ಅದರ ಪಕ್ಕ ಇಟ್ಟು ನೋಡಿ. ನಿಮ್ಮ ಪುಸ್ತಕದಲ್ಲಿದ್ದು ಅಲ್ಲಿ ಇಲ್ಲದ ಬಿಲ್ಲುಗಳಿಗೆ ಕಾರಣ ಹುಡುಕಿ. ಮಾರಿದವನು ತಡವಾಗಿ ಸಲ್ಲಿಸಿರಬಹುದು. ಬಿಲ್ಲೇ ಹುಸಿಯಾಗಿರಲೂಬಹುದು. ರೈತರಿಂದ ಕೊಂಡ ಮರದಂಥ ನೋಂದಣಿಯಿಲ್ಲದ ಖರೀದಿ ಅಲ್ಲಿ ಕಾಣುವುದಿಲ್ಲ, ಆದ್ದರಿಂದ ಅಂಥ ಪಾವತಿಯನ್ನು ನಗದಿನ ಬದಲು ರೈತನ ಖಾತೆಗೇ ಮಾಡಿ. ಹೊಸ ಮಾರಾಟಗಾರರ ಹೆಸರು ಪಟ್ಟಿಗೆ ಸೇರುವಾಗ ಅವರ ಬ್ಯಾಂಕ್ ಖಾತೆ, ಫೋನ್ ನಂಬರು ನಿಮ್ಮ ಕೆಲಸಗಾರರಲ್ಲಿ ಯಾರದಕ್ಕಾದರೂ ಹೊಂದುತ್ತದೆಯೇ ಎಂದು ಒಮ್ಮೆ ನೋಡಿಬಿಡಿ.

ಹಂತ 6: ಮಾಲಿನ ಲೆಕ್ಕಕ್ಕೆ ರೆಂಡಿಟ್ಟಾ

ಈ ಹಂತದಲ್ಲಿ ನಮ್ಮ ಸೀಮೆಯ ರೀಲರುಗಳಿಗೆ ಪಾಠ ಹೇಳುವುದು ಬೇಕಿಲ್ಲ, ಅವರಿಂದಲೇ ಕಲಿಯಬೇಕು. ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕಿಲೋ ಗೂಡು ಬೇಕಾಯಿತು ಎಂಬ ಲೆಕ್ಕವನ್ನು ಅವರು ರೆಂಡಿಟ್ಟಾ ಎನ್ನುತ್ತಾರೆ. ಒಳ್ಳೆಯ ದ್ವಿತಳಿ ಗೂಡಿಗೆ ಅದು ಆರು, ಆರೂವರೆಯ ಸುತ್ತ ಇರುತ್ತದೆ, ಮಿಶ್ರತಳಿಗೆ ಅದಕ್ಕಿಂತ ಹೆಚ್ಚು. ಗೂಡಿನ ಗುಣ ಅಳೆಯಲು ಹುಟ್ಟಿದ ಈ ಲೆಕ್ಕ ಕಳ್ಳತನ ಹಿಡಿಯುವ ಉಪಕರಣವೂ ಹೌದು.

ಲೆಕ್ಕ ಹಾಕಿ ನೋಡಿ. 100 ಕಿಲೋ ಗೂಡಿಗೆ ರೆಂಡಿಟ್ಟಾ 7 ಬಂದರೆ 14.29 ಕಿಲೋ ರೇಷ್ಮೆ. 7.5 ಬಂದರೆ 13.33 ಕಿಲೋ. ಅರ್ಧ ಅಂಕಿಯ ಏರುಪೇರಿನಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ರೇಷ್ಮೆ ಇದೆ, ಅದೂ ಕಿಲೋಗೆ ಸಾವಿರಗಟ್ಟಲೆ ಬೆಲೆಯ ಮಾಲು. ಗೂಡು ಕಳಪೆಯಾಗಿತ್ತೇ, ಬೇಯಿಸುವುದು ಹೆಚ್ಚುಕಡಿಮೆಯಾಯಿತೇ, ಇಲ್ಲಾ ಒಂದು ಲಡಿ ಹಿಂಬಾಗಿಲಿನಿಂದ ಹೋಯಿತೇ? ಒಂದು ದಿನದ ಅಂಕಿ ಏನನ್ನೂ ಹೇಳುವುದಿಲ್ಲ. ಲಾಟ್‌ವಾರು, ಪಾಳಿವಾರು ಬರೆದಿಟ್ಟರೆ ಎರಡು ಮೂರು ತಿಂಗಳಲ್ಲಿ ಚಿತ್ರ ಮೂಡುತ್ತದೆ. ಒಂದೇ ಮಾರುಕಟ್ಟೆಯ ಗೂಡು, ಒಂದೇ ಯಂತ್ರ, ಆದರೂ ಒಂದು ಪಾಳಿಯಲ್ಲಿ ಮಾತ್ರ ಸದಾ ಅಂಕಿ ಏರುತ್ತಿದ್ದರೆ ಆ ಪಾಳಿಯ ಹೊತ್ತಿಗೆ ನೀವು ಅಲ್ಲಿರಬೇಕು. ತ್ಯಾಜ್ಯ ರೇಷ್ಮೆಯನ್ನೂ ತೂಗಿ. ಒಳ್ಳೆಯ ನೂಲು ತ್ಯಾಜ್ಯದ ಚೀಲ ಸೇರಿ ತ್ಯಾಜ್ಯದ ಬೆಲೆಗೆ ಹೋಗುವುದು ಹಳೆಯ ಉಪಾಯ.

ಬೊಂಬೆ ಕಾರ್ಖಾನೆಯವರು ತಮ್ಮದೇ ರೆಂಡಿಟ್ಟಾ ಮಾಡಿಕೊಳ್ಳಬಹುದು. ಒಂದು ಕ್ವಿಂಟಾಲ್ ಆಲೆ ಮರಕ್ಕೆ ಎಷ್ಟು ಡಜನ್ ಬುಗುರಿ, ಎಷ್ಟು ಬಳೆ. ಒಂದು ಕಿಲೋ ಅರಗಿಗೆ ಎಷ್ಟು ನಗ. ಹಸಿ ಮರ ಒಣಗುತ್ತಾ ತೂಕ ಕಳೆದುಕೊಳ್ಳುವುದರಿಂದ ತೂಗುವುದನ್ನು ಒಣಗಿದ ಮೇಲೆ ಮಾಡಿ, ಇಲ್ಲದಿದ್ದರೆ ನಿಷ್ಪಾಪಿ ಮೇಸ್ತ್ರಿಯ ಮೇಲೆ ಅನುಮಾನ ಬರುತ್ತದೆ. ‘ಡ್ಯಾಮೇಜ್’ ಎಂದು ಬರೆದ ನಗಗಳನ್ನು ಕಣ್ಣಾರೆ ನೋಡಿದ ಮೇಲೆ ಮಾತ್ರ ಲೆಕ್ಕದಿಂದ ತೆಗೆಯಿರಿ. ಬಿರುಕೇ ಇಲ್ಲದ ಒಡಕು ಬೊಂಬೆಗಳು ಪಕ್ಕದೂರಿನ ಜಾತ್ರೆಯಲ್ಲಿ ಪೂರ್ತಿ ಬೆಲೆಗೆ ಮಾರಾಟವಾಗಬಹುದು.

ವರ್ಷಕ್ಕೊಮ್ಮೆ ಮಾರ್ಚ್ 31ಕ್ಕೆ ಸ್ಟಾಕು ಎಣಿಸುವುದು ತೆರಿಗೆಗೆ ಸಾಕು, ಕಾವಲಿಗೆ ಸಾಲದು. ತಿಂಗಳಿಗೆ ಐದೇ ಬಗೆಯ ಮಾಲು ಆರಿಸಿ, ಗೋದಾಮಿನವನಲ್ಲದ ಬೇರೆಯವರಿಂದ ಎಣಿಸಿ.

ಹಂತ 7: ಬಟವಾಡೆ

ನಗದಾಗಿ ಕೂಲಿ ಹಂಚುವ ಕಡೆ ಹಾಜರಿ ಪುಸ್ತಕದಲ್ಲಿ ಇಲ್ಲದವರ ಹೆಸರು ಸೇರುತ್ತದೆ, ಬಿಟ್ಟುಹೋದವರ ಹೆಸರು ಉಳಿಯುತ್ತದೆ. ಕೂಲಿಯನ್ನು ಖಾತೆಗೆ ಹಾಕಿ, ಎರಡು ಹೆಸರಿಗೆ ಒಂದೇ ಖಾತೆ ಇದೆಯೇ ನೋಡಿ, ವರ್ಷಕ್ಕೆರಡು ಸಲ ನೀವೇ ಕೂತು ಎಲ್ಲರನ್ನೂ ಮುಖತಃ ಕಂಡು ಬಟವಾಡೆ ಮಾಡಿ. ನಗಕ್ಕಿಷ್ಟು ಎಂದು ಕೂಲಿ ಕೊಡುವ ಕಡೆ ಕೂಲಿ ಕೊಟ್ಟ ನಗಗಳ ಸಂಖ್ಯೆ ಗೋದಾಮಿಗೆ ಬಂದ ನಗಗಳ ಸಂಖ್ಯೆಗಿಂತ ಹೆಚ್ಚಿರಬಾರದು.

ಹಂತ 8: ಕಂಪ್ಯೂಟರಿಗೂ ಬೀಗ

ಟ್ಯಾಲಿಯಂಥ ತಂತ್ರಾಂಶದಲ್ಲಿ ಪ್ರತಿಯೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಮಾಡಿಸಿ. ‘ಅಡ್ಮಿನ್’ ನಿಮ್ಮದೇ ಇರಲಿ. ಹಳೇ ದಿನಾಂಕದ ನಮೂದನ್ನು ಅಳಿಸುವ, ತಿದ್ದುವ ಅಧಿಕಾರವನ್ನು ಉಳಿದವರಿಂದ ತೆಗೆಯಿರಿ. ಯಾರು ಯಾವಾಗ ಏನು ತಿದ್ದಿದರು ಎಂಬ ಜಾಡನ್ನು ಉಳಿಸುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸ್ವಂತ ಅಂಗಡಿಗೆ, ಪಾಲುದಾರಿಕೆಗೆ ಆ ಕಡ್ಡಾಯವಿಲ್ಲ. ಆದರೂ ಆ ಸೌಲಭ್ಯವನ್ನು ಚಾಲೂ ಮಾಡಿಸಿ.

ಪಾಸ್‌ವರ್ಡ್ ಹಂಚಿಕೊಳ್ಳುವುದನ್ನು ಸಲುಗೆ ಎಂದು ತಿಳಿಯುವವರು ಬೆಂಗಳೂರಿನ ವಿಪ್ರೊ ಪ್ರಕರಣ ನೆನಪಿಡಬೇಕು. ಅದರ ಹಣಕಾಸು ವಿಭಾಗದ ಉದ್ಯೋಗಿಯೊಬ್ಬರು ಕದ್ದ ಪಾಸ್‌ವರ್ಡಿನಿಂದ ಸುಮಾರು 40 ಲಕ್ಷ ಡಾಲರ್ ತೆಗೆದದ್ದು 2010ರ ಆರಂಭದಲ್ಲಿ ಸುದ್ದಿಯಾಯಿತು. ಲೆಕ್ಕಪರಿಶೋಧಕರ ಪಡೆಯೇ ಇದ್ದ ಕಂಪನಿ ಅದು.

ಹಂತ 9: ರಜೆ ಕೊಡಿ, ಬೀಗ ಬದಲಿಸಿ

ವರ್ಷಗಟ್ಟಲೆ ಒಂದು ದಿನವೂ ರಜೆ ಹಾಕದ ಗುಮಾಸ್ತನನ್ನು ನಾವು ಹೊಗಳುತ್ತೇವೆ. ಲೆಕ್ಕಪರಿಶೋಧಕನ ಕಣ್ಣಿಗೆ ಮೊದಲು ಬೀಳುವವನು ಅವನೇ. ಕಾರಣ ಸರಳವಾದದ್ದು: ಇಂದಿನ ಗಿರಾಕಿಯ ಹಣದಿಂದ ನಿನ್ನೆ ತೆಗೆದದ್ದನ್ನು ತುಂಬಿಸುತ್ತಾ ಹೋಗುವವನು ಒಂದು ವಾರ ಬರದಿದ್ದರೆ ಸರಪಳಿ ಕಡಿದುಹೋಗುತ್ತದೆ. ಬಾಕಿದಾರ ಫೋನ್ ಮಾಡಿ ‘ಕಟ್ಟಿಯಾಗಿದೆಯಲ್ಲ’ ಎನ್ನುತ್ತಾನೆ, ಫೋನ್ ಎತ್ತಿದವರು ಬೇರೆಯವರಾಗಿರುತ್ತಾರೆ. ಇದನ್ನು ತಿಳಿದೇ ರಿಸರ್ವ್ ಬ್ಯಾಂಕು 2021ರ ಜುಲೈನಲ್ಲಿ ಸೂಕ್ಷ್ಮ ಹುದ್ದೆಯಲ್ಲಿರುವ ಬ್ಯಾಂಕ್ ನೌಕರರನ್ನು ವರ್ಷಕ್ಕೊಮ್ಮೆ, ಮುಂಚಿತವಾಗಿ ತಿಳಿಸದೆ, ಒಟ್ಟಿಗೆ ಕನಿಷ್ಠ 10 ಕೆಲಸದ ದಿನ ಕಡ್ಡಾಯ ರಜೆಯ ಮೇಲೆ ಕಳಿಸಬೇಕೆಂದು ಹೇಳಿತು. ಆ ದಿನಗಳಲ್ಲಿ ಅವರು ಕಚೇರಿಯ ಗಣಕವನ್ನು ಮನೆಯಿಂದಲೂ ಮುಟ್ಟುವಂತಿಲ್ಲ.

ನಿಮ್ಮ ಅಂಗಡಿಗೆ ಹತ್ತು ದಿನ ಹೆಚ್ಚಾದರೆ ಒಂದು ವಾರ ಮಾಡಿ, ಸಂಬಳ ಸಮೇತ ಕೊಡಿ. ಊರ ಹಬ್ಬದ ವಾರ ಬೇಡ, ಆಗ ಎಲ್ಲರೂ ರಜೆಯಲ್ಲಿರುತ್ತಾರೆ. ಆ ವಾರ ಅವರ ಕುರ್ಚಿಯಲ್ಲಿ ಬೇರೆಯವರು ಕೂತು ಅದೇ ಕೆಲಸ ಮಾಡಬೇಕು. ‘ಬಂದ ಮೇಲೆ ಅವನೇ ನೋಡ್ತಾನೆ’ ಎಂದು ಕಾಗದಗಳನ್ನು ಪೇರಿಸಿಟ್ಟರೆ ರಜೆ ಕೊಟ್ಟದ್ದು ವ್ಯರ್ಥ.

ಬೀಗದ ವಿಷಯಕ್ಕೆ ವಿಜಯಪುರ ಜಿಲ್ಲೆಯ ಮನಗೂಳಿಯ ಕಡೆ ನೋಡಿ. ಅಲ್ಲಿನ ಕೆನರಾ ಬ್ಯಾಂಕ್ ಶಾಖೆಯಿಂದ 2025ರ ಮೇ ತಿಂಗಳಲ್ಲಿ ಸುಮಾರು 59 ಕಿಲೋ ಚಿನ್ನ ಹೋಯಿತು. ಪೊಲೀಸರು ಬಂಧಿಸಿದವರಲ್ಲಿ ಅದೇ ಶಾಖೆಯ ವ್ಯವಸ್ಥಾಪಕರಾಗಿದ್ದು ವರ್ಗವಾಗಿ ಹೋಗಿದ್ದವರೂ ಇದ್ದರು. ಅಧಿಕಾರದಲ್ಲಿದ್ದಾಗಲೇ ನಕಲಿ ಕೀ ಮಾಡಿಸಿಕೊಂಡಿದ್ದರು ಎಂಬುದು ಪೊಲೀಸರ ಆರೋಪ. ಕೆಲಸ ಬಿಟ್ಟವನಿಂದ ಕೀ ವಾಪಸು ಪಡೆದರೆ ಸಾಲದು. ಅದೇ ದಿನ ಬೀಗ, ಪಾಸ್‌ವರ್ಡ್, ಬ್ಯಾಂಕಿನಲ್ಲಿರುವ ಸಹಿ, ಸಿಸಿಟಿವಿಯ ಲಾಗಿನ್ ಎಲ್ಲವನ್ನೂ ಬದಲಿಸಬೇಕು. ಬೀಗಕ್ಕೆ ಐನೂರು ರೂಪಾಯಿ ಎಂದು ಹಿಂದೆ ಮುಂದೆ ನೋಡಬೇಡಿ.

ಹಂತ 10: ಕಿವಿ ತೆರೆದಿಡಿ

ವಂಚನೆ ಪತ್ತೇದಾರರ ಅಂತರರಾಷ್ಟ್ರೀಯ ಸಂಘವಾದ ಎಸಿಎಫ್‌ಇ ಎರಡು ವರ್ಷಕ್ಕೊಮ್ಮೆ ವರದಿ ತರುತ್ತದೆ. 2024ರ ವರದಿಯ ಪ್ರಕಾರ ಶೇ 43ರಷ್ಟು ಪ್ರಕರಣಗಳು ಹೊರಬಿದ್ದದ್ದು ಯಾರೋ ಕೊಟ್ಟ ಸುಳಿವಿನಿಂದ, ಆ ಸುಳಿವಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಉದ್ಯೋಗಿಗಳಿಂದಲೇ. ಶುರುವಾದ ವಂಚನೆ ಪತ್ತೆಯಾಗುವ ಹೊತ್ತಿಗೆ ಸಾಮಾನ್ಯವಾಗಿ 12 ತಿಂಗಳು ಕಳೆದಿರುತ್ತದೆ.

ಅಂದರೆ ನಿಮ್ಮಲ್ಲಿ ನಡೆಯುವುದು ನಿಮಗಿಂತ ಮೊದಲು ಪಕ್ಕದಲ್ಲಿ ಕೂತವನಿಗೆ ಗೊತ್ತಿರುತ್ತದೆ. ಅವನು ಹೇಳದಿರಲು ಕಾರಣಗಳಿವೆ: ಒಂದೇ ಊರು, ನೆಂಟಸ್ತನ, ಹೇಳಿದವನ ಹೆಸರು ಸಂಜೆಯೊಳಗೆ ಟೀ ಅಂಗಡಿ ತಲುಪುತ್ತದೆ ಎಂಬ ಭಯ. ನಿಮ್ಮ ಸ್ವಂತ ನಂಬರನ್ನು ಕೆಲಸಗಾರರಿಗೆ, ಮಾಲು ಕೊಡುವವರಿಗೆ, ಸಗಟು ಗಿರಾಕಿಗಳಿಗೆ ಕೊಡಿ. ಬಾಕಿದಾರರಿಗೆ ಮೂರು ತಿಂಗಳಿಗೊಮ್ಮೆ ‘ನಮ್ಮ ಪುಸ್ತಕದಲ್ಲಿ ನಿಮ್ಮ ಬಾಕಿ ಇಷ್ಟಿದೆ, ಸರಿಯೇ?’ ಎಂದು ನೀವೇ ಸಂದೇಶ ಕಳಿಸಿ. ಬಂದ ಸುಳಿವನ್ನು ಹೇಳಿದವರ ಹೆಸರೆತ್ತದೆ ಪರೀಕ್ಷಿಸಿ. ಒಂದು ಸಲ ಹೆಸರು ಬಾಯಿಬಿಟ್ಟರೆ ಎರಡನೇ ಸುಳಿವು ಎಂದೂ ಬರುವುದಿಲ್ಲ.

ಕೆಲಸಗಾರನ ಬದುಕಿನ ಸುಳಿವುಗಳೂ ಇವೆ. ಸಂಬಳಕ್ಕೆ ಮೀರಿದ ಬೈಕು, ಆನ್‌ಲೈನ್ ಜೂಜಿನ ಗೀಳು, ಸಾಲಗಾರರು ಅಂಗಡಿಯವರೆಗೆ ಬರುವುದು. ಇವು ಸಾಕ್ಷ್ಯವಲ್ಲ. ಆಸ್ಪತ್ರೆ, ಮಗಳ ಮದುವೆ ಎಂದು ಕಷ್ಟದಲ್ಲಿರುವವನಿಗೆ ಬಡ್ಡಿಯಿಲ್ಲದ ಮುಂಗಡ ಕೊಡುವ ನಿಯಮವನ್ನು ಬರೆದಿಡಿ. ಕ್ರೆಸ್ಸಿ ಹೇಳಿದ ಮೊದಲ ಸಂಗತಿಗೆ ಇದಕ್ಕಿಂತ ಅಗ್ಗದ ಪರಿಹಾರ ನನಗೆ ಕಂಡಿಲ್ಲ.

ನಮ್ಮ ನಾಡಿಗೆ ಇದೆಲ್ಲ ಹೊಸದೇನಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಧಿಕಾರಿಗಳು ಬೊಕ್ಕಸದ ಹಣ ನುಂಗುವ 40 ಬಗೆಗಳನ್ನು ಎಣಿಸಲಾಗಿದೆ. ಬಂದದ್ದನ್ನು ಬಾರದ್ದೆಂದು ಬರೆಯುವುದು, ಒಬ್ಬ ಕೊಟ್ಟದ್ದನ್ನು ಇನ್ನೊಬ್ಬನ ಹೆಸರಿಗೆ ಹಾಕುವುದು ಅದರಲ್ಲಿವೆ. ಕ್ಯೂಆರ್ ಚೀಟಿಯೊಂದು ಮಾತ್ರ ಇಲ್ಲ.

ಹಂತ 11: ಸಿಕ್ಕಿಬಿದ್ದಾಗ

ಮೊದಲ ದಿನ ಕೂಗಾಡಬೇಡಿ. ಅನುಮಾನ ಬಂದ ಕೂಡಲೇ ಬಿಲ್ ಪುಸ್ತಕ, ಸಿಸಿಟಿವಿ ದೃಶ್ಯ, ಕಂಪ್ಯೂಟರಿನ ಬ್ಯಾಕಪ್, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳನ್ನು ನಿಮ್ಮ ವಶಕ್ಕೆ ತೆಗೆದುಕೊಳ್ಳಿ. ಎಷ್ಟೋ ಕಡೆ ಸಿಸಿಟಿವಿಯ ಹಳೇ ದೃಶ್ಯ ಕೆಲವೇ ವಾರಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ. ನಿಮ್ಮ ಲೆಕ್ಕಪರಿಶೋಧಕರನ್ನೂ ವಕೀಲರನ್ನೂ ಕೂರಿಸಿಕೊಂಡು ಮೊತ್ತ ಎಷ್ಟು, ಎಂದಿನಿಂದ, ಜೊತೆಗೆ ಯಾರಿದ್ದಾರೆ ಎಂದು ಕಾಗದದ ಮೇಲೆ ಖಚಿತ ಮಾಡಿಕೊಳ್ಳಿ.

ಕೋಣೆಯಲ್ಲಿ ಕೂಡಿಹಾಕುವುದು, ಹೊಡೆಯುವುದು, ಬೆದರಿಸಿ ತಪ್ಪೊಪ್ಪಿಗೆ ಬರೆಸಿಕೊಳ್ಳುವುದು, ಹೆಂಡತಿಯ ಒಡವೆ ಕಿತ್ತಿಟ್ಟುಕೊಳ್ಳುವುದು ನಮ್ಮ ಕಡೆ ‘ಪಂಚಾಯ್ತಿ’ ಎಂಬ ಹೆಸರಿನಲ್ಲಿ ನಡೆಯುತ್ತದೆ. ಅವೆಲ್ಲ ಅಪರಾಧಗಳು. ದೂರು ಕೊಡಬೇಕಾದವನೇ ಆರೋಪಿಯಾಗುತ್ತಾನೆ. ಲಿಖಿತ ನೋಟಿಸು ಕೊಡಿ, ಉತ್ತರಕ್ಕೆ ಸಮಯ ಕೊಡಿ, ಕೆಲಸದಿಂದ ದೂರ ಇಡಿ, ವಿಚಾರಣೆ ಮಾಡಿ.

ದೂರು ಕೊಡುವುದಾದರೆ, 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗುಮಾಸ್ತ ಅಥವಾ ನೌಕರ ಮಾಲೀಕನ ವಸ್ತುವನ್ನು ಕದಿಯುವುದಕ್ಕೆ 306ನೇ ಕಲಂ, ವಹಿಸಿಕೊಟ್ಟದ್ದನ್ನು ನುಂಗುವುದಕ್ಕೆ 316ನೇ ಕಲಮಿನ 4ನೇ ಉಪಕಲಂ, ಲೆಕ್ಕ ತಿದ್ದುವುದಕ್ಕೆ 344ನೇ ಕಲಂ ಇವೆ. ಮೂರಕ್ಕೂ 7 ವರ್ಷದವರೆಗೆ ಸೆರೆ. ಸಹಕಾರ ಸಂಘವಾದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನ ವಿಚಾರಣೆ, 69ನೇ ಕಲಮಿನಡಿ ತಪ್ಪಿತಸ್ಥರಿಂದಲೇ ನಷ್ಟ ವಸೂಲಿ ಇದೆ. 63ನೇ ಕಲಮಿನ ವಾರ್ಷಿಕ ಲೆಕ್ಕಪರಿಶೋಧನೆಯ ವರದಿಯನ್ನು ಮಹಾಸಭೆಯಲ್ಲಿ ಎದ್ದುನಿಂತು ಕೇಳುವುದು ಪ್ರತಿ ಸದಸ್ಯನ ಹಕ್ಕು. ಬಹಳ ಸಭೆಗಳಲ್ಲಿ ಆ ವಿಷಯ ಬರುವ ಹೊತ್ತಿಗೆ ಊಟದ ಎಲೆ ಹಾಕಿರುತ್ತಾರೆ. ಊಟಕ್ಕೆ ಮುಂಚೆಯೇ ಕೇಳಿ.

ಹೋದ ಹಣ ಪೂರ್ತಿ ವಾಪಸು ಬರುವುದು ಅಪರೂಪ. ನೌಕರರ ವಂಚನೆಯಿಂದಾದ ನಷ್ಟ ತುಂಬಿಕೊಡುವ ಫಿಡಿಲಿಟಿ ಗ್ಯಾರಂಟಿ ವಿಮೆಯನ್ನು ಸಾಮಾನ್ಯ ವಿಮಾ ಕಂಪನಿಗಳು ಕೊಡುತ್ತವೆ, ಆದರೆ ಮೇಲೆ ಹೇಳಿದ ಕಾವಲುಗಳು ನಿಮ್ಮಲ್ಲಿ ಇದ್ದವೇ ಎಂದು ಅವರೂ ಕೇಳುತ್ತಾರೆ.

ಹನ್ನೊಂದೂ ಹಂತಗಳನ್ನು ಒಟ್ಟಿಗೆ ಹಿಡಿಯಲು ಹೋಗಬೇಡಿ. ಬರುವ ಭಾನುವಾರ ಎರಡು ಗಂಟೆ ಬಿಡುವು ಮಾಡಿಕೊಂಡು, ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟನ್ನು ನೀವೇ ತೆಗೆದು, ಬಿಲ್ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಿ. ಉಳಿದದ್ದನ್ನು ಸೋಮವಾರದಿಂದ ಶುರುಮಾಡಬಹುದು.